ಮೊಣಕಾಲೆತ್ತರದ ಮೊಳೆ

ಸತ್ತವರ ಫೋಟೋ ಮಾಡಿಕೊಡುವುದರಲ್ಲಿ ಸ್ಟುಡಿಯೋದವನದು ಎತ್ತಿದ ಕೈ. ಬಸ್ ಪಾಸಿನ ಮೂಲೆಯಲ್ಲಿ ಮೊಹರಿನಡಿ ಸಿಕ್ಕಿಕೊಂಡ ಮುಖವಿರಲಿ, ಗುಂಪಿನ ಫೋಟೋದಲ್ಲಿ ಯಾರದೋ ಭುಜದ ಹಿಂದಿನಿಂದ ಇಣುಕಿದ ಮುಖವಿರಲಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಡಿಸಿ ತೆಗೆಯುತ್ತಿದ್ದ. ಅದಕ್ಕೊಂದು ಬಿಳಿ ಅಂಗಿ ತೊಡಿಸಿ, ಮೇಲೆ ಕಪ್ಪು ಕೋಟು ಹಾಕಿ, ಹಿಂದೆ ನೀಲಿ ಬಣ್ಣ ಬಿಟ್ಟರೆ, ಬದುಕಿದ್ದಾಗ ಒಮ್ಮೆಯೂ ಕೋಟಿನ ಗುಂಡಿ ಮುಟ್ಟದವರು ಕೂಡ ಬ್ಯಾಂಕಿನ ಮ್ಯಾನೇಜರರಂತೆ ಎದ್ದು ಕೂರುತ್ತಿದ್ದರು. ಮನೆಯವರು ಚೌಕಟ್ಟನ್ನು ಕೈಗೆ ತೆಗೆದುಕೊಂಡು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆ ಮೌನವೇ ತನ್ನ ಕೆಲಸಕ್ಕೆ ಸಿಕ್ಕ ಮರ್ಯಾದೆ ಎಂದು ಅವನು ತಿಳಿದಿದ್ದ.

ಅಂಗಡಿ ಬೀದಿಯ ತಿರುವಿನಲ್ಲಿತ್ತು. ಮುಂದಿನ ಕೋಣೆಯಲ್ಲಿ ಗಾಜಿನ ಕಪಾಟು, ಚೌಕಟ್ಟುಗಳು, ಹೆಂಡತಿ ಕೂರುವ ಕಂಪ್ಯೂಟರು. ಹಿಂದಿನ ಕೋಣೆಯಲ್ಲಿ ನೀಲಿ ಪರದೆ, ಸುತ್ತುವ ಸ್ಟೂಲು, ಛತ್ರಿ ಕಟ್ಟಿದ ಎರಡು ದೀಪ, ಕನ್ನಡಿ, ಯಾರೂ ಜೇಬಿಗಿಳಿಸದ ಹಾಗೆ ದಾರ ಕಟ್ಟಿದ ಬಾಚಣಿಗೆ. ಹೊಟ್ಟೆಪಾಡು ಮನುಷ್ಯರ ಮುಖದಿಂದ ನಡೆಯುತ್ತಿದ್ದರೂ ಗೋಡೆಯ ತುಂಬ ಕಾಡು ತೂಗುತ್ತಿತ್ತು: ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಮಲಗಿದ ಚಿರತೆ, ಕೆಸರಿನಿಂದ ಮರಿಯನ್ನು ಎತ್ತುತ್ತಿರುವ ಆನೆ, ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆ. ವಾರದ ರಜೆ ಬಂತೆಂದರೆ ಅವನ ಕಾಲು ಊರಲ್ಲಿ ನಿಲ್ಲುತ್ತಿರಲಿಲ್ಲ. "ಮನುಷ್ಯರ ಹತ್ರ ದುಡಿದಿದ್ದನ್ನ ಪ್ರಾಣಿಗಳಿಗೆ ಸುರಿಯೋ ಗಂಡ" ಎಂದು ಹೆಂಡತಿ ಅಂಗಡಿಗೆ ಬಂದವರೆದುರು ಹಂಗಿಸುತ್ತಿದ್ದಳು. ಅವನು ನಗುತ್ತ ಲೆನ್ಸು ಒರೆಸುತ್ತಿದ್ದ.

ಕಾಡಿನಲ್ಲಿ ಅವನನ್ನು ಸುತ್ತಿಸುತ್ತಿದ್ದ ಜೀಪಿನವನಿಗೆ ಎಲ್ಲರೂ ಇಟ್ಟ ಹೆಸರು ಮೆಲ್ಲಗಣ್ಣ. ಬಾಯಿ ಬಿಟ್ಟರೆ ಬರುತ್ತಿದ್ದ ಮೊದಲ ಮಾತೇ "ಮೆಲ್ಲಗೆ". ಜೀಪು ಹತ್ತುವವರಿಗೆ ಮೆಲ್ಲಗೆ, ಮಾತಾಡುವವರಿಗೆ ಮೆಲ್ಲಗೆ, ಆನೆ ಎದುರಾದರೆ ಆನೆಗೂ ಮೆಲ್ಲಗೆ. ಮಳೆಗಾಲದ ಕೊನೆಯಲ್ಲಿ, ಹಳ್ಳದ ನಡುವೆ ಸಿಕ್ಕಿಬಿದ್ದ ಬೇರೊಂದು ಗಾಡಿಯ ಜನರನ್ನೆಲ್ಲ ದಡ ಸೇರಿಸಿ, ಆ ಗಾಡಿಗೆ ಹಗ್ಗ ಬಿಗಿಯಲು ಮತ್ತೆ ಇಳಿದವನು ದಡ ಕುಸಿದು ನೀರಿನ ಪಾಲಾದ. ಮಾರನೆಯ ದಿನ ಕೆಳಗೆ ಎಲ್ಲೋ ದೇಹ ಸಿಕ್ಕಿತು. ಜೇಬಿನಲ್ಲಿದ್ದ ಮೊಬೈಲು ಸಿಗಲಿಲ್ಲ.

ಅವನ ಹೆಂಡತಿ ಸ್ಟುಡಿಯೋಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಜೊತೆಗೆ ಪುಟ್ಟ ಮಗಳು. ಮಗು ಬಂದವಳೇ ಯಾರ ಮಾತಿಗೂ ಸಿಕ್ಕದೆ ಕಪಾಟಿನ ಪಕ್ಕದ ಮೇಜಿನ ಕೆಳಗೆ ನುಗ್ಗಿ ಕೂತಳು. ಎರಡೂ ಕೈ ಒಂದು ಕಣ್ಣಿಗೆ ಬಳೆಯ ಹಾಗೆ ಹಿಡಿದು, ಬೀದಿಯಲ್ಲಿ ಓಡಾಡುವವರ ಕಾಲುಗಳನ್ನು ನೋಡತೊಡಗಿದಳು. ಫೋಟೋ ಅಂಗಡಿಗೆ ಬಂದ ಮಕ್ಕಳು ಫೋಟೋ ತೆಗೆಯುವ ಆಟ ಆಡುವುದು ಹೊಸದಲ್ಲ. ಸ್ಟುಡಿಯೋದವನು ಅತ್ತ ಗಮನ ಕೊಡಲಿಲ್ಲ.

ಆಕೆ ಚೀಲದಿಂದ ಗಂಡನ ಡ್ರೈವಿಂಗ್ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲೊಬ್ಬ ಮೀಸೆ ಮೂಡದ ಹುಡುಗ ತುಟಿ ಬಿಗಿದುಕೊಂಡು ಹೆದರಿ ನಿಂತಿದ್ದ. ಮದುವೆಯ ಆಲ್ಬಮ್ಮು ಸೋರಿದ ಮಾಡಿನ ಕೆಳಗಿದ್ದು ಹಾಳೆಗೆ ಹಾಳೆ ಅಂಟಿಹೋಗಿದೆ ಎಂದಳು. ತನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಕ್ಯಾಮೆರಾ ಇಲ್ಲ ಎಂದಳು. ಇಷ್ಟೆಲ್ಲ ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಆಮೇಲೆ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ, ಮಗಳಿಗೆ ಕೇಳಿಸದ ಹಾಗೆ ಹೇಳಿದಳು.

"ಮಗು ಮರೀತಾ ಇದೆ ಅಣ್ಣಾ. ಮೊನ್ನೆ ಕೇಳಿದ್ಳು, ಅಪ್ಪಂಗೆ ಮೀಸೆ ಇತ್ತಾ ಅಂತ. ಈ ಲೈಸೆನ್ಸು ತೋರಿಸಿದ್ರೆ ಇದು ಅಪ್ಪ ಅಲ್ಲ ಅಂತಾಳೆ. ಒಂದೇ ಒಂದು ಫೋಟೋ ಬೇಕು. ದಿನಾ ಕಣ್ಣಿಗೆ ಬೀಳೋ ಹಾಗೆ."

"ಅಯ್ಯೋ, ಅದಕ್ಯಾಕಮ್ಮ ಇಷ್ಟು ಯೋಚನೆ?" ಎಂದ ಸ್ಟುಡಿಯೋದವನು. "ಅವನ ಜೊತೆ ನಾನು ಸುತ್ತಿದಷ್ಟು ನನ್ನ ಹೆಂಡತಿ ಜೊತೆನೂ ಸುತ್ತಿಲ್ಲ. ನನ್ನ ಹತ್ರ ಇಲ್ದೆ ಇನ್ನ್ಯಾರ ಹತ್ರ ಇರುತ್ತೆ? ಲೈಸೆನ್ಸು ಇಲ್ಲೇ ಬಿಟ್ಟು ಹೋಗು. ನಾನೇ ಮನೆಗೆ ತಂದು, ನಾನೇ ಮೊಳೆ ಹೊಡೆದು ಕೊಡ್ತೀನಿ."

ಆಕೆ ತಲೆಯಾಡಿಸಿ, ಮೇಜಿನ ಕೆಳಗಿಂದ ಮಗಳನ್ನು ಎಳೆದುಕೊಂಡು ಹೋದಳು. ಮಗು ಬಾಗಿಲು ದಾಟುವವರೆಗೂ ಕಣ್ಣಿನಿಂದ ಕೈ ತೆಗೆಯಲಿಲ್ಲ.

ಮಾತು ಕೊಡುವುದು ನಾಲಿಗೆಯ ಕೆಲಸ. ಮಾರನೆಯ ದಿನ ಬೆಳಿಗ್ಗೆ ಅವನು ಹಾರ್ಡ್ ಡಿಸ್ಕುಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತ. ವರ್ಷವರ್ಷದ ಕಾಡು ಪರದೆಯ ಮೇಲೆ ಸರಿದುಹೋಯಿತು. ಚಿರತೆ ಬಂತು, ಚಿರತೆಯ ಮರಿ ಬಂತು, ಆ ಮರಿ ಬೆಳೆದು ಅದರ ಮರಿಯೂ ಬಂತು. ಒಂದೇ ಹಕ್ಕಿ ರೆಕ್ಕೆ ಬಿಚ್ಚುವ ನೂರಾರು ಚಿತ್ರಗಳು ಬಂದವು. ಮೆಲ್ಲಗಣ್ಣ ಬರಲಿಲ್ಲ. ಒಂದು ಕಡೆ ಜೀಪಿನ ಕಂಬಿಯ ಮೇಲೆ ಅವನ ಕೈ, ಮಸುಕು ಮಸುಕು. ಇನ್ನೊಂದು ಕಡೆ ಆನೆಯ ಕಾಲಿನ ಪಕ್ಕ ಅವನ ಟೋಪಿಯ ಅಂಚು. ಅಷ್ಟೇ.

ಕಾರಣ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಈಗ ಮೈಮೇಲೆ ಬಂತು. ಜೀಪು ಓಡಿಸುವವನು ಮುಂದೆ, ಫೋಟೋ ತೆಗೆಯುವವನು ಅವನ ಬೆನ್ನ ಹಿಂದೆ ಎತ್ತರದ ಸೀಟಿನಲ್ಲಿ. ಪ್ರಾಣಿ ಎದುರಿಗೆ ಬಂದರೆ ಓಡಿಸುವವನ ತಲೆ ಅಡ್ಡ. ಹಾಗಾಗಿ ಕ್ಯಾಮೆರಾ ಎತ್ತುವ ಸದ್ದು ಕಿವಿಗೆ ಬಿದ್ದದ್ದೇ ಮೆಲ್ಲಗಣ್ಣ ಎಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ಎದೆ ಊರಿ, ತಲೆ ತಗ್ಗಿಸಿ ಮಲಗಿಬಿಡುತ್ತಿದ್ದ. ಅವನ ಮುಂದೆಯೇ ನಡೆದುಹೋದ ಎಷ್ಟೋ ಚಿರತೆಗಳನ್ನು ಅವನು ನೋಡಿರಲೇ ಇಲ್ಲ. ನೀನೂ ಫೋಟೋಗೆ ನಿಲ್ಲೋ ಎಂದು ಯಾರಾದರೂ ಕರೆದರೆ, ಓಡಿಸುವವನೇ ಫೋಟೋದಲ್ಲಿ ಬಂದರೆ ಗಾಡಿ ಯಾರು ಓಡಿಸ್ತಾರೆ ಎಂದು ನಗಿಸಿ ತಪ್ಪಿಸಿಕೊಳ್ಳುತ್ತಿದ್ದ. ಎಲ್ಲೋ ಒಮ್ಮೊಮ್ಮೆ ತಗ್ಗುವುದು ತಡವಾಗಿ ತಲೆ ಚೌಕಟ್ಟಿನೊಳಗೆ ಬಂದದ್ದುಂಟು. ಅಂಥವನ್ನು ಸ್ಟುಡಿಯೋದವನು ಅದೇ ಸಂಜೆ, ಜೀಪಿನಿಂದ ಇಳಿಯುವ ಮೊದಲೇ, ಹೆಬ್ಬೆರಳಲ್ಲಿ ಒತ್ತಿ ಅಳಿಸಿಹಾಕುತ್ತಿದ್ದ. ಅಡ್ಡ ಬಂದ ಕೊಂಬೆ, ಅಡ್ಡ ಬಂದ ಹುಲ್ಲು, ಅಡ್ಡ ಬಂದ ತಲೆ ಎಲ್ಲಕ್ಕೂ ಒಂದೇ ನ್ಯಾಯ.

ಇನ್ನೊಂದು ಚಿತ್ರ ನೆನಪಾಗಿ ಆಸೆ ಚಿಗುರಿತು. ಮೆಲ್ಲಗಣ್ಣನ ಅಣ್ಣನ ಮಗಳ ಮದುವೆಗೆ ಫೋಟೋ ತೆಗೆದವನು ಇವನೇ. ಮನೆಯವರೆಲ್ಲ ಸಾಲಾಗಿ ನಿಂತ ಗುಂಪಿನ ಫೋಟೋ ತೆರೆದು ನೋಡಿದ. ಅಣ್ಣ ಇದ್ದ, ಅತ್ತಿಗೆ ಇದ್ದಳು, ಹೆಂಡತಿ ಇದ್ದಳು, ಹೆಂಡತಿಯ ಕಂಕುಳಲ್ಲಿ ಕೂಸಾಗಿದ್ದ ಮಗಳೂ ಇದ್ದಳು. ಅಣ್ಣನಿಗೂ ಹೆಂಡತಿಗೂ ನಡುವೆ ಒಂದು ಹಿಡಿ ಕೂದಲು. ಇವನು ಕ್ಯಾಮೆರಾ ಎತ್ತಿದ್ದ, ಅವನು ಅಭ್ಯಾಸಬಲದಿಂದ ತಲೆ ತಗ್ಗಿಸಿದ್ದ. ಆವತ್ತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಇನ್ನೊಂದು ತೆಗೆಯೋಣ ಎನ್ನುವಷ್ಟರಲ್ಲಿ ಊಟಕ್ಕೆ ಕರೆ ಬಂದು ಸಾಲು ಚದುರಿತ್ತು.

"ದೀಪದ ಬುಡದಲ್ಲಿ ಕತ್ತಲೆ ಅಂದ್ರೆ ಇದೇ ನೋಡಿ" ಎಂದಳು ಸ್ಟುಡಿಯೋದವನ ಹೆಂಡತಿ. ಈ ಸಲ ಹಂಗಿಸುವ ದನಿ ಇರಲಿಲ್ಲ. ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಕೂತು, ಪ್ರಾಣಿಗಳನ್ನು ಬಿಟ್ಟು, ಕಾಡಿನಂಚಿನ ಊರುಗಳ ಜನರ ಚಿತ್ರ ತೆಗೆದಳು. ಸಫಾರಿ ಮುಗಿಸಿ ಬರುವ ದಾರಿಯಲ್ಲಿ ಇವನು ತೆಗೆದವು ಅವು. ಸೌದೆ ಹೊರೆ ಇಳಿಸಿ ಕೂತ ಹೆಂಗಸು, ಬಲೆ ಹೊಲಿಯುವ ಮುದುಕ, ಹಲ್ಲಿಲ್ಲದ ಬಾಯಿ ತೆರೆದು ಆಕಾಶಕ್ಕೆ ಕೇಳುವ ಹಾಗೆ ನಗುತ್ತಿರುವ ಅಜ್ಜಿ. ಆ ಅಜ್ಜಿಯ ಚಿತ್ರಕ್ಕೆ ದೊಡ್ಡ ಬಹುಮಾನ ಬಂದಿತ್ತು. ಅಪರಿಚಿತರ ಎದುರು ಹಳ್ಳಿಯ ಜನ ಇಷ್ಟು ಬಿಚ್ಚಿಕೊಳ್ಳುವಂತೆ ಮಾಡುವುದು ಹೇಗೆ ಎಂದು ಬಹುಮಾನ ಕೊಟ್ಟವರು ಕೇಳಿದ್ದಕ್ಕೆ, ತಾಳ್ಮೆ ಬೇಕು ಎಂದು ಇವನು ಉತ್ತರಿಸಿದ್ದ.

ಹೆಂಡತಿ ಒಂದೊಂದನ್ನೇ ದೊಡ್ಡದು ಮಾಡಿ ನೋಡಿದಳು. ಆಮೇಲೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿದಳು.

"ರೀ, ಇವರೆಲ್ಲ ಯಾರನ್ನ ನೋಡ್ತಿದಾರೆ?"

"ಯಾರನ್ನ ಅಂದ್ರೆ? ನನ್ನನ್ನ."

"ನಿಮ್ಮನ್ನಲ್ಲ. ನಿಮ್ಮ ಎಡಗಡೆಗೆ. ಸರಿಯಾಗಿ ನೋಡಿ, ಅಜ್ಜಿನೂ ಎಡಕ್ಕೆ, ಈ ಬಲೆಯವನೂ ಎಡಕ್ಕೆ. ಒಬ್ಬರೂ ಕ್ಯಾಮೆರಾ ನೋಡಿಲ್ಲ."

ಅವನು ನೋಡಿದ. ಜೀಪು ನಿಂತೊಡನೆ ಮೊದಲು ಇಳಿಯುತ್ತಿದ್ದವನು ಮೆಲ್ಲಗಣ್ಣ. ಹೋಗಿ ಸೌದೆ ಹೊರೆಗೆ ಕೈ ಕೊಡುವನು, ಬಲೆಯ ತುದಿ ಹಿಡಿಯುವನು, ಅಜ್ಜಿಗೆ ನಿನಗೊಂದು ಗಂಡು ನೋಡಿದ್ದೀನಿ ಎನ್ನುವನು. ಮಾತು ಕುದುರಿದ ಮೇಲೆ ಇವನ ಎಡಭುಜದ ಪಕ್ಕಕ್ಕೆ ಬಂದು ನಿಂತು, ಇವನ ಬೆನ್ನ ಮೇಲೆ ಬೆರಳಾಡಿಸಿ, ಈಗ ತೆಗಿ ಎಂದು ಸನ್ನೆ ಮಾಡುವನು. ಆ ನಗೆಗಳೆಲ್ಲ ಅವನದು. ಆ ಕಣ್ಣುಗಳೆಲ್ಲ ಅವನ ಮುಖವನ್ನು ಕಂಡಿದ್ದವು, ಇವನ ಕ್ಯಾಮೆರಾ ಒಂದನ್ನು ಬಿಟ್ಟು.

ಅವನು ಎದ್ದು ಹಿಂದಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತ. ಆ ಸ್ಟೂಲಿನ ಮೇಲೆ ಮೆಲ್ಲಗಣ್ಣನನ್ನು ಕೂರಿಸುವುದು ಯಾವ ದೊಡ್ಡ ಕೆಲಸವಾಗಿತ್ತು? ಪೆನ್ ಡ್ರೈವ್ ತೆಗೆದುಕೊಳ್ಳಲು, ಚೌಕಟ್ಟು ಸಾಗಿಸಲು ಎಷ್ಟು ಸಲ ಬಂದಿದ್ದ. ಬಂದಾಗಲೆಲ್ಲ ಬಾಗಿಲಲ್ಲೇ ನಿಂತು, ಕನ್ನಡಿಯಲ್ಲಿ ಬಗ್ಗಿ ಕೂದಲು ನೋಡಿಕೊಂಡು, ದಾರ ಕಟ್ಟಿದ ಬಾಚಣಿಗೆಯನ್ನು ಎಳೆದು, ಇದಕ್ಕೂ ಹಗ್ಗ ಹಾಕಿ ಮೇಯೋಕೆ ಬಿಟ್ಟಿದೀರಲ್ಲ ಎಂದು ನಗುತ್ತಿದ್ದ.

ಸಂಜೆ ಹೆಂಡತಿಯೇ ಕೇಳಿದಳು, ಅವನು ನಿಮ್ಮ ಕ್ಯಾಮೆರಾ ಬಿಟ್ಟು ಇನ್ಯಾರ ಕ್ಯಾಮೆರಾ ಹತ್ತಿರವೂ ಹೋಗುತ್ತಿರಲಿಲ್ಲವೇ ಎಂದು. ಆಗ ಅವನಿಗೆ ಚಿರತೆ ಮೇಡಂ ನೆನಪಾದರು.

ಚಿರತೆ ಮೇಡಂ ಎಂದರೆ ಕಾಡಿನಲ್ಲಿ ಚಿರತೆಗಳ ಎಣಿಕೆ ಮಾಡುವ ಸಂಶೋಧಕಿ. ಸಫಾರಿ ಇಲ್ಲದ ದಿನಗಳಲ್ಲಿ ಮೆಲ್ಲಗಣ್ಣ ಅವರ ಸಾಮಾನು ಹೊರುತ್ತಿದ್ದ. ಅವರ ಕಚೇರಿ ಕಾಡಿನ ಗೇಟಿನಾಚೆ ತಗಡಿನ ಮಾಡಿನ ಒಂದೇ ಕೋಣೆ. ಬುಟ್ಟಿಯ ತುಂಬ ಸತ್ತ ಬ್ಯಾಟರಿ, ಮೊಳೆಗೆ ತೂಗುಹಾಕಿದ ಪಟ್ಟಿಗಳು, ಆನೆ ತುಳಿದು ಚಪ್ಪಟೆಯಾದ ಕ್ಯಾಮೆರಾ ಪೆಟ್ಟಿಗೆಗಳು. ಮಾರನೆಯ ದಿನ ಅವನು ಅಲ್ಲಿಗೆ ಹೋಗಿ ವಿಷಯ ಹೇಳಿದ. ಮೇಡಂ ಕುರ್ಚಿಯ ಮೇಲಿದ್ದ ಹಗ್ಗದ ಸಿಂಬಿಯನ್ನು ಎತ್ತಿಟ್ಟು ಕೂರಲು ಜಾಗ ಮಾಡಿದರು.

"ಇದೆ" ಎಂದರು ಆಮೇಲೆ. "ಆದ್ರೆ ನಿಮಗೆ ಬೇಕಾದ ಥರ ಇಲ್ಲ."

ಮರಕ್ಕೆ ಕಟ್ಟುವ ಕ್ಯಾಮೆರಾಗೆ ಯಾರೂ ಗುಂಡಿ ಒತ್ತಬೇಕಿಲ್ಲ, ಮುಂದೆ ಏನಾದರೂ ಸುಳಿದರೆ ಅದು ತಾನಾಗಿಯೇ ಫೋಟೋ ತೆಗೆಯುತ್ತದೆ ಎಂದು ಮೇಡಂ ವಿವರಿಸಿದರು. ಯಾವ ಚಿರತೆ ಎಂದು ಗುರುತಿಸಲು ಅದರ ಪಕ್ಕೆಯ ಚುಕ್ಕೆ ಸಿಗಬೇಕಾದ್ದರಿಂದ ಕ್ಯಾಮೆರಾವನ್ನು ಮನುಷ್ಯನ ಮೊಣಕಾಲೆತ್ತರಕ್ಕೆ ಬಿಗಿಯಬೇಕು. ಬಿಗಿದ ಮೇಲೆ ಸರಿ ಇದೆಯೋ ಇಲ್ಲವೋ ನೋಡಲು ಯಾರಾದರೂ ಒಬ್ಬರು ಅದರ ಮುಂದೆ ಚಿರತೆಯ ಹಾಗೆ ಕೈಕಾಲೂರಿ ನಡೆಯಬೇಕು. ಉಳಿದವರು ನಾಚಿಕೊಳ್ಳುತ್ತಿದ್ದರು, ಮೊಣಕಾಲು ನೋವು ಎನ್ನುತ್ತಿದ್ದರು. ಮೆಲ್ಲಗಣ್ಣ ಮಾತ್ರ ಹೆಣ್ಣು ಚಿರತೆನಾ ಗಂಡು ಚಿರತೆನಾ ಮೇಡಂ ಎಂದು ಕೇಳಿ, ಹೇಳಿದ್ದಕ್ಕೆ ತಕ್ಕ ಹಾಗೆ ನಡಿಗೆ ಬದಲಾಯಿಸುತ್ತಿದ್ದ.

"ಅಲ್ಲಿ ತಲೆ ತಗ್ಗಿಸ್ತಿರಲಿಲ್ವಾ?"

"ಇಲ್ಲ. ಕ್ಯಾಮೆರಾ ಹಿಂದೆ ಯಾರೂ ಇರ್ತಿರಲಿಲ್ವಲ್ಲ."

ಅವರು ಪರದೆಯನ್ನು ಇವನ ಕಡೆ ತಿರುಗಿಸಿ, ತಾವು ಕಿಟಕಿಯ ಹತ್ತಿರ ಹೋಗಿ ನಿಂತರು. ಚಿರತೆ, ಆನೆ, ಜಿಂಕೆ, ಮುಳ್ಳುಹಂದಿ ಎಂದು ಬೇರೆಬೇರೆಯಾಗಿ ಜೋಡಿಸಿದ ಚಿತ್ರಗಳ ಕೊನೆಯಲ್ಲಿ ಮನುಷ್ಯ ಎಂದೊಂದು ಗುಂಪಿತ್ತು. ಅದರ ತುಂಬ ಮೆಲ್ಲಗಣ್ಣ. ಬೆಳಗಿನ ಬಿಸಿಲಿನಲ್ಲಿ, ತರಗೆಲೆಯ ಮೇಲೆ, ಬಿದ್ದ ಮರದ ಪಕ್ಕದಲ್ಲಿ, ನಾಲ್ಕು ಕಾಲಿನ ಮೆಲ್ಲಗಣ್ಣ. ಒಂದರಲ್ಲಿ ಬೆನ್ನು ಬಳುಕಿಸಿ ನಡೆಯುತ್ತಿದ್ದ. ಒಂದರಲ್ಲಿ ಪಂಜ ಎತ್ತಿದ್ದ. ಒಂದರಲ್ಲಿ ಮಾತ್ರ ಏನೂ ಮಾಡುತ್ತಿರಲಿಲ್ಲ. ಆಟದ ನಡುವೆ ಯಾರೋ ಸುಮ್ಮನೆ ನಿಲ್ಲು ಎಂದ ಹಾಗೆ ನಿಂತುಬಿಟ್ಟಿದ್ದ. ಅಂಗೈ ಎರಡೂ ಕೆಸರಿನಲ್ಲಿ, ಕೆನ್ನೆಗೆ ಮಣ್ಣು, ಕೂದಲಲ್ಲಿ ಒಂದು ಒಣ ಎಲೆ, ಬಾಯಿ ಅರ್ಧ ತೆರೆದು, ಏದುಸಿರು ಹಿಡಿದುಕೊಂಡು, ಕಣ್ಣು ನೆಟ್ಟಗೆ ಕ್ಯಾಮೆರಾದ ಕಣ್ಣೊಳಗೆ. ಇನ್ನೇನು ನಗಬೇಕು, ನಕ್ಕಿರಲಿಲ್ಲ.

ಸ್ಟುಡಿಯೋದವನು ಎಷ್ಟೋ ಮುಖಗಳನ್ನು ಬೆಳಕಿಗೆ ತಿರುಗಿಸಿ, ಗಲ್ಲ ಎತ್ತಿ, ಉಸಿರು ಹಿಡೀರಿ ಎಂದು ತೆಗೆದವನು. ಇಷ್ಟು ತೆರೆದ ಮುಖ ಒಂದೂ ಅವನಿಗೆ ಸಿಕ್ಕಿರಲಿಲ್ಲ. ಅದನ್ನು ತೆಗೆದದ್ದು ಮರಕ್ಕೆ ಕಟ್ಟಿದ ಒಂದು ಡಬ್ಬಿ.

ಚಿತ್ರ ತಂದು ಹೆಂಡತಿಗೆ ತೋರಿಸಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಆದರೆ ನಾಲ್ಕು ಕಾಲಲ್ಲಿ ನಿಂತ ಮನುಷ್ಯನನ್ನು ಗೋಡೆಗೆ ತೂಗುಹಾಕುವುದು ಹೇಗೆ? ನೋಡಿದವರು ಏನೆನ್ನುತ್ತಾರೆ? ತನಗೆ ಗೊತ್ತಿರುವ ಕೆಲಸ ಇದಕ್ಕೆಂದೇ ಇದೆಯಲ್ಲ ಎಂದುಕೊಂಡು ಅವನು ಕುರ್ಚಿ ಎಳೆದುಕೊಂಡ. ಕತ್ತಿನವರೆಗೆ ಕತ್ತರಿಸಿ ತೆಗೆದ. ಹಿಂದಕ್ಕೆ ಬಾಗಿದ್ದ ಕತ್ತನ್ನು ನೆಟ್ಟಗೆ ಮಾಡಿದ. ಉಬ್ಬಿದ ನರ ಅಳಿಸಿದ. ಕೆನ್ನೆಯ ಮಣ್ಣು ಒರೆಸಿದ, ಎಲೆ ಕಿತ್ತ, ಕೂದಲು ಬಾಚಿದ. ಅರ್ಧ ತೆರೆದ ಬಾಯಿ ಕೋಟಿನ ಮೇಲೆ ಸರಿಕಾಣಲಿಲ್ಲ. ಲೈಸೆನ್ಸಿನ ಹುಡುಗನಿಂದ ಮುಚ್ಚಿದ ತುಟಿ ತಂದು ಹೊಲಿದು, ಮೇಲೆ ಮೀಸೆ ಇಳಿಬಿಟ್ಟ. ಎಲ್ಲಿಯೂ ಹೊಲಿಗೆ ಕಾಣಲಿಲ್ಲ. ಇಷ್ಟು ಚೆನ್ನಾಗಿ ಅವನು ಯಾರಿಗೂ ಮಾಡಿಕೊಟ್ಟಿರಲಿಲ್ಲ.

ಹೆಂಡತಿ ಎರಡನ್ನೂ ಮುದ್ರಿಸಿದಳು. ಕೋಟಿನದನ್ನು ದೊಡ್ಡ ಚೌಕಟ್ಟಿಗೆ ಹಾಕಿದಳು. ಇನ್ನೊಂದನ್ನೂ ಸಾದಾ ಮರದ ಚೌಕಟ್ಟಿಗೆ ಸೇರಿಸಿ ಬಟ್ಟೆ ಸುತ್ತಿದಳು. ಇದ್ಯಾಕೆ ಎಂದು ಅವನು ಹುಬ್ಬು ಗಂಟಿಕ್ಕಿದ್ದಕ್ಕೆ, ಚೀಲದ ತಳದಲ್ಲಿ ಇರುವುದಕ್ಕೆ ಅದೇನು ಬಾಡಿಗೆ ಕೇಳುತ್ತದೆಯೇ ಎಂದಳು.

ಮೆಲ್ಲಗಣ್ಣನ ಮನೆ ಎಂದರೆ ಒಂದು ಕೋಣೆ, ಹಿಂದೆ ಅಡಿಗೆಗೆ ಇನ್ನಷ್ಟು ಜಾಗ. ಬಾಗಿಲಿನ ಎದುರಿಗೆ ಮಂಚ, ಮಂಚದ ಕೆಳಗೆ ಟ್ರಂಕು, ಮೂಲೆಯಲ್ಲಿ ಜೀಪಿನ ಹಳೆಯ ಟೈರು, ಅದರ ಮೇಲೆ ಹಲಗೆಯಿಟ್ಟು ಮಾಡಿದ ಮೇಜು. ಮೆಲ್ಲಗಣ್ಣನ ಅಣ್ಣ ಮೊದಲೇ ಬಂದು ಕೂತಿದ್ದ. ಗಾರೆ ಕೆಲಸದ ಮೇಸ್ತ್ರಿ, ತಮ್ಮನಿಗಿಂತ ಎರಡರಷ್ಟು ಮಾತು. ಚೌಕಟ್ಟು ಬಿಚ್ಚುತ್ತಲೇ ಅವನು ಎದ್ದು ಹತ್ತಿರ ಬಂದ.

"ನೋಡಮ್ಮ" ಎಂದ ತಮ್ಮನ ಹೆಂಡತಿಗೆ, "ನಮ್ಮೋನು ಸಾಹೇಬನ ಥರ ಕೂತಿದಾನೆ. ಬದುಕಿದ್ದಾಗ ಒಂದು ಒಳ್ಳೇ ಅಂಗಿ ಹಾಕಿದೋನಲ್ಲ." ಬಾಗಿಲಿನ ನೆತ್ತಿಯ ಮೇಲೆ, ಒಳಗೆ ಕೂತವರಿಗೆಲ್ಲ ಕಾಣುವ ಹಾಗೆ ತಾನೇ ಜಾಗ ತೋರಿಸಿದ. ಸ್ಟುಡಿಯೋದವನು ಟೈರಿನ ಮೇಜು ಎಳೆದುಕೊಂಡು ಹತ್ತಿ, ಮೊಳೆ ಹೊಡೆದು, ಚೌಕಟ್ಟು ತೂಗುಹಾಕಿ ಇಳಿದ. ಹೆಂಗಸು ತಲೆಯೆತ್ತಿ ನೋಡಿದಳು. ಅವನು ಕಾಯುತ್ತಿದ್ದ ಮೌನ ಬಂತು. ಆದರೆ ಈ ಮೌನ ಬೇರೆ ಥರದ್ದು, ಏನನ್ನೋ ಹುಡುಕಿ ಸಿಗದೆ ನಿಂತದ್ದು.

ಮಗಳನ್ನು ಎತ್ತಿಕೊಂಡು ತೋರಿಸಿದರು. ಮಗು ಒಂದು ಸಲ ನೋಡಿ, ತಾಯಿಯ ಮುಖ ನೋಡಿ, ಮತ್ತೆ ಮೇಲೆ ನೋಡಿತು.

"ಇದ್ಯಾರು?"

"ಅಪ್ಪ ಕಣೇ" ಎಂದ ದೊಡ್ಡಪ್ಪ.

ಮಗು ವಾದ ಮಾಡಲಿಲ್ಲ. ದೊಡ್ಡವರು ಹೇಳಿದ್ದು ಸರಿ ಇರಬೇಕು ಎನ್ನುವಂತೆ ತಲೆಯಾಡಿಸಿ, ತಾಯಿಯ ಕಂಕುಳಿಂದ ಜಾರಿ ಇಳಿದು ಮಂಚದ ಕೆಳಗೆ ಹೋಯಿತು. ಆ ತಲೆಯಾಡಿಸುವಿಕೆ ಸ್ಟುಡಿಯೋದವನ ಎದೆಗೆ ನಾಟಿತು. ನಾಳೆಯಿಂದ ಈ ಹುಡುಗಿ ದಿನವೂ ಅದನ್ನೇ ನೋಡುತ್ತಾಳೆ. ನೋಡಿ ನೋಡಿ, ಕೋಟು ತೊಟ್ಟು ತುಟಿ ಮುಚ್ಚಿದ ಆ ಮನುಷ್ಯನೇ ಅಪ್ಪ ಎಂದು ಒಪ್ಪಿಕೊಳ್ಳುತ್ತಾಳೆ. ಆಮೇಲೆ ನಿಜವಾದ ಮುಖ ಎಲ್ಲಿಂದಲೂ ತಿರುಗಿ ಬರುವುದಿಲ್ಲ. ಒಮ್ಮೆ ಹೆಬ್ಬೆರಳಲ್ಲಿ ಅಳಿಸಿದ್ದನ್ನು ಈಗ ಮೊಳೆ ಹೊಡೆದು ಅಳಿಸುತ್ತಿದ್ದೇನೆ ಅನ್ನಿಸಿತು ಅವನಿಗೆ.

ಅಷ್ಟರಲ್ಲಿ ಹೆಂಗಸು ಮೇಲಿಂದ ಕಣ್ಣು ತೆಗೆಯದೆ ಕೇಳಿದಳು. "ಅಣ್ಣಾ, ಈ ಮುಖ ಎಲ್ಲಿಂದ ತೆಗೆದ್ರಿ? ಕಣ್ಣು ಅವರದೇ. ಅದೊಂದು ನಂಗೆ ಗೊತ್ತಾಗ್ತಿದೆ. ಪೂರ್ತಿ ಇದೆಯಾ?"

ಅವನು ಅಣ್ಣನ ಕಡೆ ನೋಡಿದ. ಆಮೇಲೆ ಚೀಲದ ತಳದಿಂದ ಬಟ್ಟೆ ಸುತ್ತಿದ್ದನ್ನು ತೆಗೆದು ಆಕೆಯ ಕೈಗೆ ಕೊಟ್ಟ.

ಬಟ್ಟೆ ಬಿಚ್ಚಿದಾಗ ಮೊದಲು ಮಾತಾಡಿದವನು ಅಣ್ಣ. ಅವನ ಮುಖ ಕಪ್ಪಿಟ್ಟಿತ್ತು. ಇದೇನು ತಮಾಷೆಯೇ, ತಮ್ಮನನ್ನು ಪ್ರಾಣಿ ಮಾಡಿ ಫೋಟೋ ತೆಗೆದವರು ಯಾರು, ಸಫಾರಿಗೆ ಬರುವವರು ನಮ್ಮ ಊರಿನವರನ್ನೂ ಆನೆ ಚಿರತೆಗಳ ಸಾಲಿನಲ್ಲೇ ನಿಲ್ಲಿಸಿ ತೆಗೆದುಕೊಂಡು ಹೋಗುವುದು ಸಾಲದೇ ಎಂದು ದನಿ ಏರಿಸಿದ. ಸ್ಟುಡಿಯೋದವನು ಮರದ ಕ್ಯಾಮೆರಾದ ಕೆಲಸ ಎಂಥದ್ದೆಂದು ಹೇಳಿದ. ಹೇಳಿದ್ದು ತನ್ನ ಕಿವಿಗೇ ನೆಪದಂತೆ ಕೇಳಿಸಿತು, ಯಾಕೆಂದರೆ ಅಣ್ಣನ ಮಾತಿನಲ್ಲಿ ಸುಳ್ಳಿರಲಿಲ್ಲ.

ಹೆಂಗಸು ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದಳು. ಕೆನ್ನೆಯ ಮಣ್ಣಿನ ಮೇಲೆ ಹೆಬ್ಬೆರಳು ಆಡಿಸಿದಳು, ಒರೆಸುವ ಹಾಗೆ.

"ಸಾಯಂಕಾಲ ಬಂದ್ರೆ ಹೀಗೇ ಬರ್ತಿದ್ರು ಭಾವ" ಎಂದಳು. "ಇವಳು ಮಂಚದ ಕೆಳಗೆ ಕ್ಯಾಮೆರಾ ಆಗಿ ಕೂತಿರ್ತಿದ್ಳು. ಅವರು ಬಾಗಿಲಿಂದ ನಾಲ್ಕು ಕಾಲಲ್ಲಿ ಬರೋದು. ಕ್ಲಿಕ್ ಅಂದ್ರೆ ಅಲ್ಲಾಡದೆ ನಿಲ್ಲೋದು. ಮಂಡಿ ತೂತಾಗಿರೋ ಪ್ಯಾಂಟು ಎಷ್ಟು ಹೊಲಿದಿದೀನಿ ನಾನು."

ಅಣ್ಣ ಬಗ್ಗಿ ಆಕೆಯ ಕೈಯಲ್ಲಿದ್ದ ಚಿತ್ರವನ್ನು ಇನ್ನೊಮ್ಮೆ ನೋಡಿದ.

ಮಂಚದ ಕೆಳಗೆ ಸದ್ದಾಯಿತು. ಮಗು ಟ್ರಂಕಿನ ಪಕ್ಕದಿಂದ ಕತ್ತು ಚಾಚಿ ನೋಡುತ್ತಿತ್ತು. ತಾಯಿಯ ತೊಡೆಯ ಮೇಲೆ, ಅದರ ಕಣ್ಣಿಗೆ ಸಮನಾಗಿ, ಮೆಲ್ಲಗಣ್ಣ ಬರುತ್ತಿದ್ದ. ಅದು ಏನೂ ಕೇಳಲಿಲ್ಲ. ಮೆಲ್ಲಗೆ ಎರಡೂ ಕೈ ಎತ್ತಿ ಕಣ್ಣಿಗೆ ಬಳೆ ಕಟ್ಟಿಕೊಂಡಿತು.

ಬಹಳ ಹೊತ್ತಿನ ಮೇಲೆ ಅಣ್ಣ ಎದ್ದು, ಟೈರಿನ ಮೇಜು ಹತ್ತಿ, ತಾನೇ ಕೋಟಿನ ಚೌಕಟ್ಟನ್ನು ಕೆಳಗಿಳಿಸಿದ. ಇದು ನಮ್ಮನೇಲಿರಲಿ, ಅಮ್ಮನಿಗೆ ತೋರಿಸ್ತೀನಿ ಎಂದ. ಆಮೇಲೆ ಇನ್ನೊಂದನ್ನು ಅದೇ ಮೊಳೆಗೆ ಹಾಕಲು ಕೈ ಚಾಚಿದ.

"ಮೇಲೆ ಬೇಡ ಭಾವ" ಎಂದಳು ಆಕೆ. "ಅಲ್ಲಿ ಹಾಕಿದ್ರೆ ಅವಳು ತಲೆ ಎತ್ತಬೇಕು. ಕೆಳಗೆ ಇರಲಿ."

ಎಷ್ಟು ಕೆಳಗೆ ಎಂದು ಯಾರೂ ಹೇಳಬೇಕಾಗಲಿಲ್ಲ. ಸ್ಟುಡಿಯೋದವನು ಚಿತ್ರವನ್ನು ತೆಗೆದುಕೊಂಡು ಬಾಗಿಲಿನ ಪಕ್ಕದ ಗೋಡೆಗೆ ಒರಗಿಸಿಟ್ಟ. ಮೊಣಕಾಲೆತ್ತರವನ್ನು ಬೆರಳಿನಿಂದ ಗುರುತು ಹಾಕಿದ. ನಿಂತು ಹೊಡೆಯಲು ಆಗದು, ಕೂತರೆ ಕೈ ಬೀಸಲು ಆಗದು. ಕೊನೆಗೆ ಒಂದು ಮೊಳೆ ಹಲ್ಲಿನ ನಡುವೆ ಕಚ್ಚಿ, ಸುತ್ತಿಗೆ ಹಿಡಿದ ಕೈಯನ್ನೂ ನೆಲಕ್ಕೂರಿ, ಮೊಣಕಾಲ ಮೇಲೆ ಗೋಡೆಯ ಕಡೆಗೆ ತೆವಳಿದ.

"ಕ್ಲಿಕ್."

ದನಿ ಮಂಚದ ಕೆಳಗಿನಿಂದ ಬಂದಿತ್ತು. ಅವನು ಇದ್ದ ಹಾಗೇ ನಿಂತ. ಬೆನ್ನಿಗೆ ಒಂದು ಕಣ್ಣು ತಾಗುತ್ತಿರುವುದು ಗೊತ್ತಾಗುತ್ತಿತ್ತು. ಇಷ್ಟು ವರ್ಷ ಕ್ಯಾಮೆರಾದ ಹಿಂದೆಯೇ ಇದ್ದವನಿಗೆ ಅದು ಹಾಗೆ ತಾಗಿದ್ದು ಇದೇ ಮೊದಲು.

"ಅವಳು ಹ್ಞೂ ಅನ್ನೋವರೆಗೆ ಅಲ್ಲಾಡಬಾರದು ಅಣ್ಣಾ" ಎಂದಳು ಹೆಂಗಸು ಮೆಲ್ಲಗೆ.

ಅವನ ಮೂಗಿನ ಮುಂದೆಯೇ ಗೋಡೆಗೆ ಒರಗಿದ್ದ ಮೆಲ್ಲಗಣ್ಣ, ಅವನ ಹಾಗೆಯೇ ಕೈಕಾಲೂರಿ, ಅವನ ಹಾಗೆಯೇ ಉಸಿರು ಹಿಡಿದು, ಅವನನ್ನೇ ನೋಡುತ್ತಿದ್ದ. ಮೊಣಕಾಲಿಗೆ ನೆಲ ಒತ್ತುತ್ತಿತ್ತು. ಹಲ್ಲಿನ ನಡುವೆ ಮೊಳೆ ತಣ್ಣಗಿತ್ತು. ಸ್ಟುಡಿಯೋದವನು ಅಲ್ಲಾಡಲಿಲ್ಲ. ಮಗು ಅವಸರ ಮಾಡಲಿಲ್ಲ.